ಬೆನಿಡಾರ್ಮ್‌ಗೆ ರಜೆಗೆ ಹೊರಟಿದ್ದೀರಾ? ಊರಿನ ಯಾವ ಕಡೆ ಉಳಿಯೋದು ಅಂತ ಮೊದಲು ತೀರ್ಮಾನಿಸಿ

ಯುರೋಪಿನಲ್ಲಿ ಕೆಲಸಕ್ಕಿರುವ ನಮ್ಮವರು ರಜೆಗೆ ಅಂತ ಅಗ್ಗದ ವಿಮಾನ ಹುಡುಕುವಾಗ ಅಲಿಕಾಂತೆ ಅನ್ನುವ ಹೆಸರು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಸ್ಪೇನ್‌ನ ಪೂರ್ವ ಕರಾವಳಿಯ ಊರು ಅದು. ಅಲ್ಲಿನ ವಿಮಾನ ನಿಲ್ದಾಣದಿಂದ ಸುಮಾರು 60 ಕಿ.ಮೀ. ದೂರದಲ್ಲಿ ಬೆನಿಡಾರ್ಮ್ ಇದೆ. ಎರಡು ಉದ್ದನೆಯ ಮರಳ ದಂಡೆ, ಅದರ ಹಿಂದೆ ಸಾಲು ಸಾಲು ಗಗನಚುಂಬಿ ಕಟ್ಟಡ, ಬೆನ್ನಿಗೆ ಬೆಟ್ಟ.

ಹೋಗಿ ಬಂದವರನ್ನು ಕೇಳಿದರೆ ಗೊಂದಲ ಆಗುತ್ತದೆ. ಒಬ್ಬರು ‘ರಾತ್ರಿಯಿಡೀ ಗಲಾಟೆ, ನಿದ್ದೆನೇ ಇಲ್ಲ’ ಅಂತಾರೆ. ಇನ್ನೊಬ್ಬರು ‘ಅಪ್ಪ ಅಮ್ಮನ ಜೊತೆ ಆರಾಮಾಗಿದ್ವಿ’ ಅಂತಾರೆ. ಇಬ್ಬರದೂ ನಿಜ. ಉಳಿದುಕೊಂಡ ಜಾಗ ಬೇರೆ, ಅಷ್ಟೇ. ಇಲ್ಲಿ ಒಂದೆರಡು ಕಿಲೋಮೀಟರ್ ಆಚೀಚೆ ಆದರೆ ರಜೆಯ ಸ್ವರೂಪವೇ ಬದಲಾಗುತ್ತದೆ. ಅದಕ್ಕೇ ಹೋಟೆಲಿಗೆ ಎಷ್ಟು ಸ್ಟಾರ್ ಅಂತ ನೋಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮ್ಮ ಜೊತೆ ಬರುವವರು ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾರೆ? ಹತ್ತಕ್ಕಾ, ಹನ್ನೆರಡಕ್ಕಾ, ಬೆಳಗಿನ ಮೂರಕ್ಕಾ? ಉತ್ತರ ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಊರು ಹೇಗಿದೆ

ನಕ್ಷೆ ನೋಡಿ. ಮಧ್ಯದಲ್ಲಿ ಸಮುದ್ರಕ್ಕೆ ಚಾಚಿದ ಒಂದು ಬಂಡೆ. ಅದರ ಮೇಲೆ ಹಳೇ ಊರು. ಬಂಡೆಯ ಪೂರ್ವಕ್ಕೆ ಲೆವಾಂತೆ ದಂಡೆ, ಸುಮಾರು 2 ಕಿ.ಮೀ. ಪಶ್ಚಿಮಕ್ಕೆ ಪೊನಿಯೆಂತೆ ದಂಡೆ, ಸುಮಾರು 3 ಕಿ.ಮೀ. ಲೆವಾಂತೆಯ ಪೂರ್ವ ತುದಿಯಲ್ಲಿ ರಿಂಕೋನ್ ದೆ ಲೋಯ್ಶ್ ಅನ್ನುವ ಬಡಾವಣೆ. ಪೊನಿಯೆಂತೆ ದಾಟಿ ಮುಂದೆ ಹೋದರೆ ಪಕ್ಕದ ಫಿನೆಸ್ತ್ರಾತ್ ಊರಿಗೆ ಸೇರಿದ ಪುಟ್ಟ ಕೊಲ್ಲಿ, ಲಾ ಕಾಲಾ.

ಇಷ್ಟೊಂದು ಎತ್ತರದ ಕಟ್ಟಡ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಇದು ಮೊದಲು ಟ್ಯೂನಾ ಮೀನು ಹಿಡಿಯುವವರ ಹಳ್ಳಿ. 1950ರ ದಶಕದಲ್ಲಿ ಮೇಯರ್ ಆಗಿದ್ದ ಪೆದ್ರೊ ಸರಗೋಸಾ ಪ್ರವಾಸೋದ್ಯಮವನ್ನೇ ನಂಬಿ ಊರು ಕಟ್ಟಲು ಹೊರಟರು. ಫ್ರಾಂಕೊ ಸರ್ವಾಧಿಕಾರದ ಕಾಲದಲ್ಲಿ, ಚರ್ಚಿನ ವಿರೋಧದ ನಡುವೆಯೂ ದಂಡೆಯಲ್ಲಿ ಬಿಕಿನಿಗೆ ಅವಕಾಶ ಕೊಟ್ಟವರು ಅವರು. 1956ರ ನಗರ ಯೋಜನೆ ಬಂದ ಮೇಲೆ ಊರು ಅಗಲಕ್ಕೆ ಹರಡುವ ಬದಲು ಮೇಲಕ್ಕೆ ಬೆಳೆಯಿತು. ಕಟ್ಟಡ ಎತ್ತರ, ಸುತ್ತ ಖಾಲಿ ಜಾಗ. ಇದರಿಂದ ನಮಗೇನು ಲಾಭ ಅಂದರೆ, ದಂಡೆಯಿಂದ ಮೂರನೇ ಸಾಲಿನ ಸಾಧಾರಣ ಹೋಟೆಲಲ್ಲೂ ಮೇಲಿನ ಮಹಡಿ ಸಿಕ್ಕರೆ ಸಮುದ್ರ ಕಾಣುವ ಸಾಧ್ಯತೆ ಇದೆ. ನಡೆದೇ ದಂಡೆಗೆ ಹೋಗಬಹುದು, ಕಾರು ಬೇಕಿಲ್ಲ. ಕಾಂಕ್ರೀಟ್ ಕಾಡು ಅಂತ ಬೈಯುವವರು ಈ ಸವಲತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಲೆವಾಂತೆ: ಗೆಳೆಯರ ಗುಂಪಿಗೆ

ಗೌಜು ಗದ್ದಲ, ಹಾಡು ಕುಣಿತ, ಎಲ್ಲ ಇಲ್ಲೇ. ಲೆವಾಂತೆ ದಂಡೆಯ ರಸ್ತೆಯಲ್ಲಿ ಹಗಲು ಕೆಫೆ, ರಾತ್ರಿ ಡಿಸ್ಕೋ. ಅದರ ಹಿಂದಿನ ಬೀದಿಗಳಲ್ಲಿ ಬ್ರಿಟಿಷರಿಗೆ ಅಂತಲೇ ಬೆಳೆದ ಬಾರ್‌ಗಳ ಸಾಲು. ಹಳೆಯ ಪಾಪ್ ತಾರೆಯರ ವೇಷ ಹಾಕಿ ಹಾಡುವವರು, ಹಾಸ್ಯ ಹೇಳುವವರು, ಫುಟ್ಬಾಲ್ ಪಂದ್ಯ ತೋರಿಸುವ ದೊಡ್ಡ ಪರದೆ. ಹೆಚ್ಚಿನ ಕಡೆ ಒಳಗೆ ಹೋಗೋಕೆ ಟಿಕೆಟ್ ಇಲ್ಲ, ಕುಡಿದದ್ದಕ್ಕೆ ಮಾತ್ರ ದುಡ್ಡು. ಮದ್ಯ ಮುಟ್ಟದವರು ಒಂದು ಜ್ಯೂಸ್ ಹಿಡಿದು ಪೂರ್ತಿ ಕಾರ್ಯಕ್ರಮ ನೋಡಿದರೂ ಯಾರೂ ಏನೂ ಅನ್ನುವುದಿಲ್ಲ. ಸ್ವಲ್ಪ ಅದ್ದೂರಿಯಾಗಿ ಕೂತು ನೋಡಬೇಕು ಅನ್ನುವವರಿಗೆ 1977ರಿಂದ ನಡೆಯುತ್ತಿರುವ ಬೆನಿಡಾರ್ಮ್ ಪ್ಯಾಲೇಸ್ ಇದೆ. ಊಟದ ಜೊತೆ ನೃತ್ಯ ಪ್ರದರ್ಶನ, ಮೊದಲೇ ಬುಕ್ ಮಾಡಿಕೊಳ್ಳಬೇಕು.

ಗೆಳೆಯರ ಗುಂಪು, ಮದುವೆಗೆ ಮುಂಚಿನ ಪಾರ್ಟಿ, ಇಪ್ಪತ್ತರ ಹರೆಯ. ಇಂಥವರಿಗೆ ಲೆವಾಂತೆ ಬಿಟ್ಟು ಬೇರೆ ಕಡೆ ಉಳಿಯಿರಿ ಅಂತ ನಾನು ಹೇಳುವುದಿಲ್ಲ. ಚಿಕ್ಕ ಮಗು ಇರುವವರು ಮಾತ್ರ ಇಂಗ್ಲಿಷ್ ಬಾರ್‌ಗಳ ಬೀದಿಗೆ ತಾಗಿದ ಹೋಟೆಲ್ ಖಂಡಿತ ತೆಗೆದುಕೊಳ್ಳಬೇಡಿ. ಕಿಟಕಿ ಮುಚ್ಚಿದರೂ ಹಾಡಿನ ಧಡಧಡ ಸದ್ದು ಕೇಳುತ್ತದೆ. ಕಿಟಕಿ ಮುಚ್ಚಿಯೇ ಮಲಗುವುದಾದರೆ ಸಮುದ್ರದ ಪಕ್ಕ ಬಂದು ಪ್ರಯೋಜನ ಏನು ಹೇಳಿ.

ದಂಡೆ ಮಾತ್ರ ತುಂಬ ಚೆನ್ನಾಗಿದೆ. ಮರಳು ನುಣುಪು, ನೀರಿನ ಆಳ ನಿಧಾನಕ್ಕೆ ಹೆಚ್ಚುತ್ತದೆ. ಮರವಂತೆ, ಕಾಪು, ಗೋಕರ್ಣದ ಅಲೆ ನೋಡಿದವರಿಗೆ ಇಲ್ಲಿನ ನೀರು ಕೆರೆಯ ಹಾಗೆ ಅನ್ನಿಸಬಹುದು. ಮೆಡಿಟರೇನಿಯನ್‌ನಲ್ಲಿ ಉಬ್ಬರವಿಳಿತ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಬೆಳಿಗ್ಗೆ ಟವೆಲ್ ಹಾಸಿದ ಜಾಗಕ್ಕೆ ಸಂಜೆಯೂ ನೀರು ಬರುವುದಿಲ್ಲ. ಹಾಗಂತ ಮೈಮರೆಯಬೇಡಿ. ಕಾವಲುಗಾರರು ಹಾರಿಸುವ ಬಾವುಟ ನೋಡಿ ಇಳಿಯಿರಿ: ಹಸಿರು ಇದ್ದರೆ ಸರಿ, ಹಳದಿ ಇದ್ದರೆ ಎಚ್ಚರ, ಕೆಂಪು ಇದ್ದರೆ ಇಳಿಯಲೇಬೇಡಿ. ನಡುರಾತ್ರಿಯಿಂದ ಬೆಳಿಗ್ಗೆ ಏಳರವರೆಗೆ ಈಜುವುದಕ್ಕೆ ನಿಷೇಧ ಇದೆ, ಸಿಕ್ಕಿಬಿದ್ದರೆ ದಂಡ ದೊಡ್ಡದು. ಪಾರ್ಟಿ ಮುಗಿಸಿ ನೇರ ನೀರಿಗೆ ಹೋಗುವ ಯೋಚನೆ ಬೇಡ.

ಲೆವಾಂತೆಯಲ್ಲಿ ಇನ್ನೊಂದು ಎಚ್ಚರಿಕೆ. ಕಾಲುದಾರಿಯ ಮೇಲೆ ಒಂದು ಚಾಪೆ ಹಾಸಿ, ಅದರ ಮೇಲೆ ಟೊಳ್ಳು ಮಾಡಿದ ಮೂರು ಆಲೂಗಡ್ಡೆ ಹೋಳು ಇಟ್ಟು, ಒಂದರ ಕೆಳಗೆ ಪುಟ್ಟ ಗೋಲಿ ಬಚ್ಚಿಟ್ಟು ಸರಸರ ಜರುಗಿಸುತ್ತಾರೆ. ಗೋಲಿ ಎಲ್ಲಿದೆ ಹೇಳಿದರೆ ಇಟ್ಟ ದುಡ್ಡು ದುಪ್ಪಟ್ಟು. ಸುತ್ತ ನಿಂತವರಲ್ಲಿ ಒಬ್ಬ ಐವತ್ತು ಯೂರೋ ಗೆದ್ದು ಕುಣಿಯುತ್ತಾನೆ. ಅವನೂ ಅದೇ ಗುಂಪಿನವನು. ಪೊಲೀಸ್ ಬಂದರೆ ಕ್ಷಣದಲ್ಲಿ ಚಾಪೆ ಮಡಿಸಿ ಮಾಯ. ನೋಡೋಕೂ ನಿಲ್ಲಬೇಡಿ, ನೀವು ಆಟದಲ್ಲಿ ಮುಳುಗಿರುವಾಗ ಜೇಬಿಗೆ ಕೈ ಹಾಕುವವರೂ ಅಲ್ಲೇ ಇರುತ್ತಾರೆ.

ಪೂರ್ವ ತುದಿಯ ರಿಂಕೋನ್ ದೆ ಲೋಯ್ಶ್ ಬಗ್ಗೆ ಒಂದು ಮಾತು. ಬೆಲೆ ಕಮ್ಮಿ ಅಂತ ಇಲ್ಲಿ ಬುಕ್ ಮಾಡುವವರು ಜಾಸ್ತಿ. ಆದರೆ ದಂಡೆಯಿಂದ ಹಿಂದಕ್ಕೆ ಹೋದ ಹಾಗೆ ರಸ್ತೆ ಏರುತ್ತದೆ. ನಕ್ಷೆಯಲ್ಲಿ ಕಾಣುವ 600 ಮೀಟರ್ ಬಿಸಿಲಿನಲ್ಲಿ, ಮಗುವಿನ ಗಾಡಿ ತಳ್ಳಿಕೊಂಡು ಹೋಗುವಾಗ ಸಣ್ಣ ದೂರ ಅಲ್ಲ. ನಡಿಗೆ ಇಷ್ಟಪಡುವವರಿಗೆ ಮಾತ್ರ ಈ ತುದಿ ಚಿನ್ನ. ಇಲ್ಲಿಂದಲೇ ಸೆರ್ರಾ ಜೆಲಾದಾ ಬೆಟ್ಟದ ಸಂರಕ್ಷಿತ ಪ್ರದೇಶ ಶುರು. ಮೇಲೊಂದು ಶಿಲುಬೆ ಇದೆ, ಅಲ್ಲಿಗೆ ಹೋಗುವ ಡಾಂಬರು ದಾರಿ ಕಡಿದಾದದ್ದು, ಒಂದು ಚೂರೂ ನೆರಳಿಲ್ಲ. ಬೆಳಿಗ್ಗೆ ಬೇಗ ಹತ್ತಿದರೆ ಇಡೀ ಕೊಲ್ಲಿ, ನಡುವಿನ ತ್ರಿಕೋನಾಕಾರದ ದ್ವೀಪ, ಎದುರಿಗೆ 1,406 ಮೀಟರ್ ಎತ್ತರದ ಪುಚ್ ಕಂಪಾನಾ ಶಿಖರ ಒಟ್ಟಿಗೆ ಕಾಣುತ್ತದೆ. ಆ ಶಿಖರದ ತುದಿಯಲ್ಲಿ ಚಾಕುವಿನಲ್ಲಿ ಕೊಯ್ದ ಹಾಗೆ ಒಂದು ಚೌಕಾಕಾರದ ಖಾಲಿ ಜಾಗ ಇದೆ. ರೊಲ್ದಾನ್ ಅನ್ನುವ ದೈತ್ಯ ಅಲ್ಲಿಂದ ಕಿತ್ತೆಸೆದ ತುಂಡೇ ಈ ದ್ವೀಪ ಅಂತ ಊರಿನವರ ಕಥೆ. ಬೆಟ್ಟದ ಬುಡದಲ್ಲಿ ತಿಯೊ ಚಿಮೊ, ಅಲ್ಮದ್ರಾವಾ ಅಂತ ಎರಡು ಪುಟ್ಟ ಕಲ್ಲಿನ ಕೊಲ್ಲಿಗಳಿವೆ. ಕನ್ನಡಕ, ಉಸಿರಾಟದ ಕೊಳವೆ ಹಾಕಿ ಮೀನು ನೋಡುವ ಆಸೆ ಇದ್ದವರು ಅಲ್ಲಿಗೆ ಹೋಗಿ.

ಹಳೇ ಊರು: ತಿನ್ನೋಕೆ, ಸುತ್ತೋಕೆ

ಬಂಡೆಯ ಮೇಲಿನ ಹಳೇ ಊರಿನಲ್ಲಿ ನೀಲಿ ಹೆಂಚಿನ ಗುಮ್ಮಟದ ಚರ್ಚು, ಇಕ್ಕಟ್ಟು ಬೀದಿ, ತುದಿಯಲ್ಲಿ ಬಿಳಿ ಕಟಕಟೆಯ ವೀಕ್ಷಣಾ ಜಾಗ. ಕೆಳಗೆ ಮಾಲ್ ಪಾಸ್ ಅನ್ನುವ ಪುಟಾಣಿ ದಂಡೆ. ತಪಾಸ್, ಅಂದರೆ ಪುಟ್ಟ ತಟ್ಟೆಯಲ್ಲಿ ಕೊಡುವ ತಿನಿಸು, ಮಾರುವ ಅಂಗಡಿಗಳ ಬೀದಿ ಇಲ್ಲೇ ಇದೆ. ಸ್ಪ್ಯಾನಿಷ್ ಜನ ನಿಂತುಕೊಂಡೇ ತಿಂದು ಮುಂದಿನ ಅಂಗಡಿಗೆ ಹೋಗುತ್ತಾರೆ. ಎರಡೂ ದಂಡೆಗೆ ಇಲ್ಲಿಂದ ಐದು ಹತ್ತು ನಿಮಿಷ. ದ್ವೀಪಕ್ಕೆ ಹೋಗುವ ದೋಣಿಯೂ ಇಲ್ಲಿನ ಬಂದರಿನಿಂದಲೇ ಹೊರಡುತ್ತದೆ.

ಗಂಡ ಹೆಂಡತಿ ಇಬ್ಬರೇ ಇದ್ದರೆ, ಮೂರು ನಾಲ್ಕು ದಿನಕ್ಕೆ ಬಂದಿದ್ದರೆ ಇದು ಒಳ್ಳೆಯ ಆಯ್ಕೆ. ಮೊಣಕಾಲು ನೋವಿರುವವರಿಗೆ ಕಷ್ಟ, ಏರು ಇಳಿತ ಮತ್ತು ಮೆಟ್ಟಿಲು ಜಾಸ್ತಿ. ಕೆಲವು ಬೀದಿಗಳಿಗೆ ಟ್ಯಾಕ್ಸಿ ಬರುವುದಿಲ್ಲ, ಸೂಟ್‌ಕೇಸ್ ಎಳೆಯುವುದು ನಿಮ್ಮ ಪಾಲು.

ಪೊನಿಯೆಂತೆ: ಅಪ್ಪ ಅಮ್ಮನ ಜೊತೆ ಬಂದವರಿಗೆ

ನನ್ನನ್ನು ಕೇಳಿದರೆ, ಕುಟುಂಬಕ್ಕೆ ಪೊನಿಯೆಂತೆಯೇ ಸರಿ. ದಂಡೆ ಜಾಸ್ತಿ ಉದ್ದ, ಜನ ಕಮ್ಮಿ. ಬ್ರಿಟಿಷರಿಗಿಂತ ಸ್ಪೇನ್‌ನವರೇ ಇಲ್ಲಿ ಹೆಚ್ಚು. ಸಂಜೆ ಅಜ್ಜ ಅಜ್ಜಿಯರು ಒಳ್ಳೆ ಬಟ್ಟೆ ಹಾಕಿಕೊಂಡು, ಒಬ್ಬರ ತೋಳು ಒಬ್ಬರು ಹಿಡಿದು, ಕಾಲುದಾರಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ. ಮೊಮ್ಮಕ್ಕಳು ರಾತ್ರಿ ಹನ್ನೊಂದಾದರೂ ಐಸ್‌ಕ್ರೀಮ್ ಹಿಡಿದು ಓಡಾಡುತ್ತಿರುತ್ತಾರೆ. ಗದ್ದಲ ಇದೆ, ಆದರೆ ಅದು ಮನೆಮಂದಿಯ ಗದ್ದಲ.

ಆ ಕಾಲುದಾರಿಯನ್ನೇ ನೋಡಬೇಕು. 2009ರಲ್ಲಿ ಸಿದ್ಧವಾದ ಇದನ್ನು ವಿನ್ಯಾಸ ಮಾಡಿದ್ದು ಕಾರ್ಲೊಸ್ ಫೆರಾತೆರ್ ಅವರ ತಂಡ. ಬಿಳಿ ಕಾಂಕ್ರೀಟಿನ ಅಂಚು ಅಲೆಯ ಹಾಗೆ ಒಳಗೆ ಹೊರಗೆ ಬಾಗುತ್ತದೆ, ನೆಲಕ್ಕೆ ಬಣ್ಣ ಬಣ್ಣದ ದುಂಡು ಬಿಲ್ಲೆಗಳು, ಸ್ವಲ್ಪ ದೂರಕ್ಕೊಮ್ಮೆ ಬಣ್ಣ ಬದಲಾಗುತ್ತದೆ. ಮಕ್ಕಳಿಗೆ ‘ಹಳದಿ ಜಾಗದಲ್ಲಿ ಕಾಯ್ತಿರ್ತೀವಿ’ ಅಂತ ಹೇಳಿದರೆ ಸಾಕು, ದಾರಿ ತಪ್ಪುವುದಿಲ್ಲ.

ಊರಿನಿಂದ ಅಪ್ಪ ಅಮ್ಮ ವೀಸಾ ಮಾಡಿಸಿಕೊಂಡು ಮಗ ಮಗಳ ಮನೆಗೆ ಬಂದಿರುತ್ತಾರೆ. ಅವರನ್ನು ಎಲ್ಲಾದರೂ ಕರೆದುಕೊಂಡು ಹೋಗಬೇಕು, ಆದರೆ ದಿನಾ ಮ್ಯೂಸಿಯಂ ಸುತ್ತಿಸಿದರೆ ಅವರಿಗೂ ಸಾಕಾಗುತ್ತದೆ. ಅಂಥವರಿಗೆ ಈ ದಂಡೆ ಹೇಳಿ ಮಾಡಿಸಿದ್ದು. ಕಾಲುದಾರಿ ಸಮತಟ್ಟು, ಕೂರೋಕೆ ಬೆಂಚು, ಸಂಜೆ ತಡವಾಗಿಯೂ ಬೆಳಕು. ಗಾಲಿಕುರ್ಚಿಯವರು ನೀರಿಗಿಳಿಯಲು ಸಹಾಯ ಸಿಗುವ ಜಾಗಗಳೂ ಈ ಊರಿನ ದಂಡೆಗಳಲ್ಲಿ ಇವೆ. ಸರ್ಕಾರದ ನೆರವಿನಿಂದ ಸ್ಪೇನ್‌ನ ನಿವೃತ್ತರು ಚಳಿಗಾಲದಲ್ಲಿ ಇಲ್ಲಿಗೆ ಪ್ರವಾಸ ಬರುತ್ತಾರೆ. ಇಮ್ಸೆರ್ಸೊ ಅನ್ನುವ ಈ ಯೋಜನೆ 1985ರಿಂದ ಇದೆ. ಹಾಗಾಗಿ ಹೋಟೆಲಿನವರಿಗೆ ವಯಸ್ಸಾದವರ ಅಗತ್ಯ ಚೆನ್ನಾಗಿ ಗೊತ್ತು.

ದಂಡೆಯ ಪಶ್ಚಿಮ ತುದಿಯಲ್ಲಿ 186 ಮೀಟರ್ ಎತ್ತರದ ಗ್ರಾನ್ ಹೋಟೆಲ್ ಬಾಲಿ ಇದೆ. ಮೇಲಿನ ಮಹಡಿಯ ನೋಟಕ್ಕೇ ಅಂತ ಬರುವವರಿದ್ದಾರೆ. ನೋಟ ಅದ್ಭುತ, ಸರಿ. ಆದರೆ ಹಳೇ ಊರಿಗೆ ಅಲ್ಲಿಂದ ದೂರ, ದಿನಾ ಬಸ್ ಹತ್ತಬೇಕಾಗುತ್ತದೆ. ಪೊನಿಯೆಂತೆಯಲ್ಲೇ ಹಳೇ ಊರಿಗೆ ಹತ್ತಿರವಾದ ಅರ್ಧ ಭಾಗದಲ್ಲಿ ಹೋಟೆಲ್ ಹುಡುಕಿ. ಇಡೀ ಊರಿನಲ್ಲಿ ನನಗೆ ಮೆಚ್ಚುಗೆಯಾದ ಜಾಗ ಅದೇ. ಲಾ ಕಾಲಾ ಸಣ್ಣ ಮಕ್ಕಳಿಗೆ ಚೆನ್ನ, ಆದರೆ ಎರಡು ದಿನಕ್ಕೆ ಬೇಜಾರಾಗಬಹುದು.

ಯಾವ ತಿಂಗಳು

ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಮಳೆಗಾಲ, ಸಮುದ್ರಕ್ಕೆ ಇಳಿಯೋ ಹಾಗಿಲ್ಲ. ಇಲ್ಲಿ ಆಗಲೇ ನಿಜವಾದ ಸೀಸನ್. ಜುಲೈ, ಆಗಸ್ಟ್‌ನಲ್ಲಿ ಹಗಲು 30 ಡಿಗ್ರಿ ಆಸುಪಾಸು, ನೀರು 26ರ ಹತ್ತಿರ. ಆದರೆ ಆಗಸ್ಟ್‌ನಲ್ಲಿ ಅರ್ಧ ಸ್ಪೇನ್ ಕಡಲ ತೀರಕ್ಕೆ ಬಂದಿರುತ್ತದೆ. ಬೆಲೆ ನೆತ್ತಿಗೇರಿರುತ್ತದೆ, ದಂಡೆಯಲ್ಲಿ ಟವೆಲ್ ಹಾಸಲು ಜಾಗ ಹುಡುಕಬೇಕು. ಶಾಲೆಗೆ ಹೋಗುವ ಮಕ್ಕಳಿಲ್ಲದಿದ್ದರೆ ಆಗಸ್ಟ್ ಬಿಟ್ಟುಬಿಡಿ.

ನನ್ನ ಮಟ್ಟಿಗೆ ಜೂನ್ ಮೊದಲ ಅರ್ಧ ಅಥವಾ ಸೆಪ್ಟೆಂಬರ್ ಎಲ್ಲಕ್ಕಿಂತ ಒಳ್ಳೆಯದು. ಎರಡರಲ್ಲಿ ಒಂದು ಅಂದರೆ ಸೆಪ್ಟೆಂಬರ್, ಯಾಕೆಂದರೆ ಬೇಸಿಗೆಯಿಡೀ ಕಾದ ಸಮುದ್ರ ಅಷ್ಟು ಬೇಗ ತಣ್ಣಗಾಗುವುದಿಲ್ಲ. ಅಕ್ಟೋಬರ್‌ನಲ್ಲೂ ನೀರು 22 ಡಿಗ್ರಿ ಹತ್ತಿರ ಇರುತ್ತದೆ, ಮೇ ತಿಂಗಳಿಗಿಂತ ಬೆಚ್ಚಗೆ. ಆದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಮ್ಮೊಮ್ಮೆ ಈ ಕರಾವಳಿಗೆ ಭಾರಿ ಮಳೆ ಅಪ್ಪಳಿಸುತ್ತದೆ. ಹವಾಮಾನ ಎಚ್ಚರಿಕೆ ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ, ಒಣಗಿದ ಹಳ್ಳಗಳು ನಿಮಿಷಗಳಲ್ಲಿ ತುಂಬಿ ಹರಿಯುತ್ತವೆ. ಜನವರಿಯಲ್ಲಿ ಹಗಲು 16-17 ಡಿಗ್ರಿ ಬಿಸಿಲು, ನೀರು ಕೊರೆಯುವಷ್ಟು ತಣ್ಣಗೆ. ಜರ್ಮನಿ, ಐರ್ಲೆಂಡ್‌ನ ಕತ್ತಲೆಯಿಂದ ತಪ್ಪಿಸಿಕೊಳ್ಳೋಕೆ ಮಾತ್ರ ಅದು ಪರವಾಗಿಲ್ಲ. ಇನ್ನು ನವೆಂಬರ್ ಎರಡನೇ ವಾರದ ಆಸುಪಾಸಿನಲ್ಲಿ ಊರ ಹಬ್ಬ. ಮೆರವಣಿಗೆ, ಪಟಾಕಿ, ಅದು ಮುಗಿಯುತ್ತಲೇ ಬ್ರಿಟಿಷ್ ಪ್ರವಾಸಿಗರು ಬಗೆಬಗೆಯ ವೇಷ ಹಾಕಿಕೊಂಡು ಬೀದಿಗಿಳಿಯುವ ದಿನ. ನೋಡೋಕೆ ಸೊಗಸು, ನಿದ್ದೆಗೆ ಕಷ್ಟ.

ಹೋಟೆಲ್ ಊಟವೋ, ಅಡುಗೆ ಮನೆ ಇರುವ ಫ್ಲಾಟೋ

ಮಾಂಸ ತಿನ್ನುವವರಿಗೆ ಇದು ದೊಡ್ಡ ವಿಷಯವಲ್ಲ. ತಿಂಡಿ, ರಾತ್ರಿ ಊಟ ಸೇರಿದ ಹೋಟೆಲ್ ಪ್ಯಾಕೇಜ್ ತೆಗೆದುಕೊಳ್ಳಿ, ಮಧ್ಯಾಹ್ನ ಹೊರಗೆ ತಿನ್ನಿ. ಸಸ್ಯಾಹಾರಿಗಳು ಮಾತ್ರ ಸ್ವಲ್ಪ ಯೋಚಿಸಬೇಕು. ಹೋಟೆಲ್ ಬಫೆಯಲ್ಲಿ ಸಲಾಡ್, ಸುಟ್ಟ ತರಕಾರಿ, ಪಾಸ್ತಾ, ಚೀಸ್, ಹಣ್ಣು ಬೇಕಾದಷ್ಟು ಇರುತ್ತದೆ. ಮೂರನೇ ದಿನಕ್ಕೆ ನಾಲಿಗೆ ಸಾಕು ಅನ್ನುತ್ತದೆ. ಅಪ್ಪ ಅಮ್ಮ ಜೊತೆಗಿದ್ದರೆ ಇನ್ನೂ ಬೇಗ.

ನಾಲ್ಕು ದಿನಕ್ಕಿಂತ ಜಾಸ್ತಿ ಇರುವುದಾದರೆ ಸಸ್ಯಾಹಾರಿ ಕುಟುಂಬಕ್ಕೆ ಫ್ಲಾಟೇ ಮೇಲು. ಇಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗುವ ದುಂಡು ಅಕ್ಕಿ ಪುಲಾವ್‌ಗೆ ಆಗಿಬರುವುದಿಲ್ಲ, ಆದರೆ ಮೆತ್ತಗೆ ಬೆಂದು ಮೊಸರನ್ನಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಸಕ್ಕರೆ ಹಾಕದ ಮೊಸರು, ಬೇಯಿಸಿದ ಕಡಲೆಯ ಗಾಜಿನ ಬಾಟಲಿ, ಟೊಮೆಟೊ, ಬದನೆ ಎಲ್ಲ ಸಿಗುತ್ತದೆ. ಊರಿಂದ ಹುಳಿಪುಡಿ, ಚಟ್ನಿಪುಡಿ ತನ್ನಿ. ತುಪ್ಪ, ಪೇಡಾ ಮಾತ್ರ ತರಬೇಡಿ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ನಿಷೇಧ ಇದೆ, ಲಂಡನ್‌ನಿಂದ ಬರುವವರಿಗೂ ಅದೇ ನಿಯಮ.

ಹೊರಗೆ ತಿನ್ನುವಾಗ ಧೈರ್ಯವಾಗಿ ಕೇಳಬಹುದಾದದ್ದು: ಟೊಮೆಟೊ ಉಜ್ಜಿದ ಬ್ರೆಡ್ ಅಂದರೆ ಪಾನ್ ಕೊನ್ ತೊಮಾತೆ, ಉಪ್ಪು ಹಾಕಿ ಹುರಿದ ಸಣ್ಣ ಹಸಿಮೆಣಸು ಅಂದರೆ ಪಿಮಿಯೆಂತೋಸ್ ದೆ ಪದ್ರೋನ್, ಸುಟ್ಟ ಬದನೆ ದಪ್ಪಮೆಣಸಿನ ಎಸ್ಕಲಿವಾದಾ. ಎಸ್ಕಲಿವಾದಾದ ಮೇಲೆ ಮೀನಿನ ಎಳೆ ಇಡುವ ಅಭ್ಯಾಸ ಕೆಲವು ಕಡೆ ಇದೆ, ಬೇಡ ಅಂತ ಮೊದಲೇ ಹೇಳಿ. ಅನ್ನದ ಪಾಯೇಯಾ ತರಕಾರಿಯದ್ದೇ ಆದರೂ ಮೀನು ಅಥವಾ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರಬಹುದು. ಬೇಳೆ, ಬೀನ್ಸ್ ಸಾರಿನಲ್ಲಿ ಹಂದಿಮಾಂಸದ ತುಣುಕು ಇರುವುದು ಸಾಮಾನ್ಯ. ‘ಸಿನ್ ಕಾರ್ನೆ’ ಅಂದರೆ ಮಾಂಸ ಬೇಡ, ‘ಸಿನ್ ಹಮೋನ್’ ಅಂದರೆ ಹಂದಿಮಾಂಸ ಬೇಡ, ‘ಸಿನ್ ಪೆಸ್ಕಾದೊ’ ಅಂದರೆ ಮೀನು ಬೇಡ. ಮೂರನ್ನೂ ಬೇರೆ ಬೇರೆಯಾಗಿ ಹೇಳಿ. ಒಂದನ್ನು ಹೇಳಿದರೆ ಇನ್ನೊಂದು ಅರ್ಥವಾಗಿರುತ್ತದೆ ಅಂತ ನಂಬಬೇಡಿ. ಬಿಸಿಲಿಗೆ ಓರ್ಚಾತಾ ಕುಡಿಯಿರಿ. ಚೂಫಾ ಅನ್ನುವ ಸಣ್ಣ ಗೆಡ್ಡೆಯಿಂದ ತೆಗೆದ, ಹಾಲಿನ ಹಾಗೆ ಕಾಣುವ ತಣ್ಣನೆ ಪಾನೀಯ, ವಾಲೆನ್ಸಿಯಾ ಸೀಮೆಯ ವಿಶೇಷ. ಬ್ರಿಟಿಷರು ಇಷ್ಟು ಜನ ಬರುವುದರಿಂದ ಇಂಡಿಯನ್ ಹೋಟೆಲ್‌ಗಳಿಗೆ ಕೊರತೆ ಇಲ್ಲ, ಆದರೆ ರುಚಿ ಅವರ ನಾಲಿಗೆಗೆ ತಕ್ಕ ಹಾಗೆ. ಖಾರ ಬೇಕಾದರೆ ಕೇಳಿ ಹಾಕಿಸಿಕೊಳ್ಳಬೇಕು.

ಬೆನಿಡಾರ್ಮೇ ಬೇಡ ಅನ್ನಿಸಿದರೆ

ಕೆಲವರಿಗೆ ಎತ್ತರದ ಕಟ್ಟಡ ನೋಡಿದರೇ ಆಗುವುದಿಲ್ಲ. ಅವರಿಗೆ ಅಕ್ಕಪಕ್ಕದಲ್ಲೇ ಎರಡು ಊರು ಇವೆ, ಟ್ರಾಮ್ ರೈಲಿನಲ್ಲಿ ಹೋಗಬಹುದು. ಉತ್ತರಕ್ಕೆ ಅಲ್ತೆಯಾ: ಬಿಳಿ ಮನೆ, ನೀಲಿ ಗುಮ್ಮಟ, ಕಲಾವಿದರ ಅಂಗಡಿ. ಆದರೆ ದಂಡೆಯ ಹೆಚ್ಚಿನ ಭಾಗ ಬೆಣಚುಕಲ್ಲು, ಮರಳಿನಲ್ಲಿ ಮನೆ ಕಟ್ಟುವ ಮಕ್ಕಳಿಗೆ ನಿರಾಸೆ. ದಕ್ಷಿಣಕ್ಕೆ ವಿಯಾಹೊಯೋಸಾ: ಸಮುದ್ರಕ್ಕೆ ಮುಖ ಮಾಡಿದ ಬಣ್ಣಬಣ್ಣದ ಮನೆಗಳ ಸಾಲು, ಒಳ್ಳೆಯ ಮರಳು, 1881ರಿಂದ ಇರುವ ವಾಲೋರ್ ಚಾಕೊಲೇಟ್ ಕಂಪನಿಯ ಊರು. ಮಕ್ಕಳಿರುವ, ಶಾಂತವಾಗಿರಬೇಕು ಅನ್ನುವ ಕುಟುಂಬಕ್ಕೆ ನಾನು ಅಲ್ತೆಯಾಗಿಂತ ಇದನ್ನೇ ಹೇಳುತ್ತೇನೆ. ಅಲ್ಲಿ ಉಳಿದು, ಬೆನಿಡಾರ್ಮ್‌ನ ನೀರಿನ ಪಾರ್ಕಿಗೋ ಸಂಜೆಯ ಸುತ್ತಾಟಕ್ಕೋ ಟ್ರಾಮ್ ಹತ್ತಿ ಬಂದು ಹೋಗಬಹುದು. ಕೊನೆಯ ಟ್ರಾಮ್ ಎಷ್ಟಕ್ಕೆ ಅಂತ ನಿಲ್ದಾಣದಲ್ಲೇ ನೋಡಿಕೊಳ್ಳಿ.

ಬೆಂಗಳೂರಿನಿಂದ ಬರುವವರಿಗೆ ಒಂದು ಮಾತು. ಅಲಿಕಾಂತೆಗೆ ನೇರ ವಿಮಾನ ಇಲ್ಲ. ಬೆನಿಡಾರ್ಮ್ ಒಂದಕ್ಕೇ ಅಂತ ಅಷ್ಟು ದೂರದಿಂದ ಬರುವುದನ್ನು ನಾನು ಸಲಹೆ ಮಾಡುವುದಿಲ್ಲ. ಮ್ಯಾಡ್ರಿಡ್, ಗ್ರನಾಡಾ ನೋಡುವ ಪ್ರವಾಸದ ಕೊನೆಗೆ ಮೂರು ನಾಲ್ಕು ದಿನ ಇಲ್ಲಿಗೆ ಇಟ್ಟುಕೊಳ್ಳಿ. ಮ್ಯಾಡ್ರಿಡ್‌ನಿಂದ ಅಲಿಕಾಂತೆಗೆ ವೇಗದ ರೈಲಿನಲ್ಲಿ ಎರಡೂವರೆ ಗಂಟೆ. ಅಲ್ಲಿಂದ ಟ್ರಾಮ್‌ನಲ್ಲಿ ಒಂದೂಕಾಲು ಗಂಟೆ ಹಿಡಿಯುತ್ತದೆ, ಬಲಗಡೆ ಕಿಟಕಿ ಸೀಟು ಹಿಡಿದರೆ ದಾರಿಯಲ್ಲಿ ಆಗಾಗ ಸಮುದ್ರ ಕಾಣುತ್ತದೆ. ನೇರ ವಿಮಾನ ನಿಲ್ದಾಣಕ್ಕೇ ಇಳಿಯುವವರಿಗೆ ಅಲ್ಲಿಂದಲೇ ಬೆನಿಡಾರ್ಮ್‌ಗೆ ಬಸ್ ಇದೆ, ಸುಮಾರು 50 ನಿಮಿಷ. ದೊಡ್ಡ ಲಗೇಜ್ ಇದ್ದರೆ ಟ್ರಾಮ್‌ಗಿಂತ ಬಸ್ಸೇ ವಾಸಿ.